ಕಾಫಿಯ ಊರು ಯಾವುದು?

ಬೆಳಗಿನ ವಾರ್ತೆ ಮುಗಿಯುವುದಕ್ಕೂ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವುದಕ್ಕೂ ನಮ್ಮ ಮನೆಯಲ್ಲಿ ಬಹುಕಾಲದ ಹೊಂದಾಣಿಕೆಯುಂಟು. ತಮ್ಮ ಮನೆಗಳಲ್ಲಿಯೂ ಹಾಗೆಯೇ ಇದ್ದೀತು. ಆದರೆ ಒಂದು ಮಾತು. ವೀಳ್ಯದೆಲೆ ಮೈಸೂರಿನದೇ, ರಸಬಾಳೆ ನಂಜನಗೂಡಿನದೇ ಎಂದು ವಿಚಾರಿಸಿ ಕೊಳ್ಳುವ ನಾವು, ಕಾಫಿಪುಡಿಯನ್ನು ಮಾತ್ರ "ಅರ್ಧ ಕೆ.ಜಿ., ಚಿಕೋರಿ ಇಪ್ಪತ್ತು" ಎಂದಷ್ಟೇ ಹೇಳಿ ಕಟ್ಟಿಸಿಕೊಂಡು ಬರುತ್ತೇವೆ. ಅದು ಯಾವ ಸೀಮೆಯ ತೋಟದ್ದು ಎಂದು ಕೇಳುವ ವಾಡಿಕೆಯೇ ಇಲ್ಲ. ನಾನೂ ಐವತ್ತು ದಾಟುವವರೆಗೆ ಕೇಳಿದವನಲ್ಲ.

ಈ ಪ್ರಶ್ನೆ ನನಗೆ ಎದುರಾದದ್ದು ಬೆಂಗಳೂರಿನಲ್ಲಿ. ನನ್ನ ತಂಗಿಯ ಮಗ, "ಬನ್ನಿ ಮಾವ, ಇವತ್ತು ಬೇರೆ ಥರದ ಕಾಫಿ ಕುಡಿಸ್ತೀನಿ" ಎಂದು ಇಂದಿರಾನಗರದ ಒಂದು ಅಂಗಡಿಗೆ ಕರೆದೊಯ್ದ. ಗೋಡೆಯ ಮೇಲೊಂದು ಹಲಗೆ. ಅದರಲ್ಲಿ ತೋಟದ ಹೆಸರು, ಅದು ಸಮುದ್ರಮಟ್ಟಕ್ಕಿಂತ ಎಷ್ಟು ಎತ್ತರದಲ್ಲಿದೆ, ಗಿಡದ ತಳಿ ಯಾವುದು, ಬೀಜ ಹುರಿದ ತಾರೀಖು ಯಾವುದು ಎಂಬ ವಿವರ. ಜಾತಕ ಬರೆದ ಹಾಗೆ! ಒಬ್ಬ ಹುಡುಗ ಹದಿನೈದು ಗ್ರಾಂ ಪುಡಿಯನ್ನು ತೂಗಿ, ಜಪಾನಿನಲ್ಲಿ ತಯಾರಾದ ಶಂಕುವಿನಾಕಾರದ ಬಟ್ಟಲಿನಲ್ಲಿ ಕಾಗದವಿಟ್ಟು, ಕುದಿ ತುಸು ಇಳಿದ ನೀರನ್ನು ಸುತ್ತಿ ಸುತ್ತಿ ಸುರಿದ. ಹಾಲಿಲ್ಲ, ಸಕ್ಕರೆಯಿಲ್ಲ. ಕಿತ್ತಳೆಯ ಸೊಗಡಿದೆ ಎಂದು ಹಲಗೆ ಹೇಳುತ್ತಿತ್ತು. ನನಗೆ ಮೊದಲು ಹತ್ತಿದ್ದು ಹುಳಿ. ಲೋಟ ಆರುತ್ತ ಬಂದಂತೆ ಏನೋ ಒಂದು ಹಣ್ಣಿನ ನೆನಪು ಬಂದದ್ದೂ ಸುಳ್ಳಲ್ಲ. ಕೊಟ್ಟ ಹಣದಲ್ಲಿ ನಮ್ಮೂರಿನಲ್ಲಿ ಹತ್ತು ಜನಕ್ಕೆ ಕಾಫಿ ಕೊಡಿಸಬಹುದಿತ್ತು. ಅದಿರಲಿ.

ಇಂಥ ಕಾಫಿಗೆ 'ಸ್ಪೆಷಾಲಿಟಿ' ಎಂದು ಹೆಸರು. ಪರಿಣತರು ಚಮಚದಲ್ಲಿ ಸೊರ್ರೆಂದು ಹೀರಿ, ಸುವಾಸನೆ, ಹುಳಿ, ಮೈಕಟ್ಟು ಮೊದಲಾದವಕ್ಕೆ ಅಂಕ ಕೊಡುತ್ತಾರೆ. ನೂರಕ್ಕೆ ಎಂಬತ್ತು ಬಂದರೆ ಪಾಸು. ನಾವು ಮೇಷ್ಟರುಗಳು ಅಷ್ಟು ಬಿಗಿಯಾದರೆ ಶಾಲೆ ಮುಚ್ಚಬೇಕಾದೀತು. ಇಲ್ಲಿ ಬೀಜವನ್ನು ಹದವಾಗಿ, ಕಡಿಮೆಯೇ ಹುರಿಯುತ್ತಾರೆ. ಕಾರಣ ಸರಳ. ಕಪ್ಪಾಗಿ ಹುರಿದರೆ ಎಲ್ಲ ಊರಿನ ಬೀಜವೂ ಒಂದೇ ಕಹಿಯಾಗುತ್ತದೆ. ಮಣ್ಣು, ಎತ್ತರ, ನೆರಳು ಕೊಟ್ಟ ಗುಣ ಸುಟ್ಟುಹೋಗುತ್ತದೆ. ಹಾಗೆಂದು ನಮ್ಮ ಗಾಢ ಹುರಿತ ತಪ್ಪೆಂದಲ್ಲ. ಹಾಲಿನೊಡನೆ ಎದ್ದು ನಿಲ್ಲಲು ಅದು ಬೇಕು.

ಜಪಾನಿನ ಮಾತು ಬಂತಲ್ಲ. ಟೋಕಿಯೋ ನಗರದಲ್ಲಿ ಸುಮಿದಾ ನದಿಯ ಪೂರ್ವಕ್ಕೆ ಕಿಯೊಸುಮಿ-ಶಿರಕಾವಾ ಎಂಬ ಬಡಾವಣೆಯಿದೆ. ಮರದ ದಾಸ್ತಾನು, ಗೋದಾಮುಗಳಿದ್ದ ಜಾಗ. ಎತ್ತರದ ಸೂರುಗಳು ಕಾಫಿ ಹುರಿಯುವ ಯಂತ್ರಕ್ಕೆ ಹೇಳಿ ಮಾಡಿಸಿದಂತಿದ್ದವು. 2015ರಲ್ಲಿ ಅಮೆರಿಕದ ಬ್ಲೂ ಬಾಟಲ್ ಕಂಪನಿ ಜಪಾನಿನ ತನ್ನ ಮೊದಲ ಅಂಗಡಿಯನ್ನು ಅಲ್ಲಿಯೇ ತೆರೆಯಿತು. ಅಂಗಡಿಯಿಂದ ಅಂಗಡಿಗೆ ನಡೆದು ರುಚಿ ನೋಡುವುದಕ್ಕೆಂದೇ ಅಲ್ಲಿಗೆ ಹೋಗುವವರುಂಟು. ಆದರೆ ಜಪಾನಿಗೆ ಕಾಫಿಯ ಶ್ರದ್ಧೆ ಕಲಿಸಿದ್ದು ಹೊಸಬರಲ್ಲ. ಗಿಂಜಾದಲ್ಲಿ 1948ರಲ್ಲಿ ತೆರೆದ ಕೆಫೆ ದ ಲಾಂಬ್ರ್ ಎಂಬ ಅಂಗಡಿಯ ಯಜಮಾನ ಸೆಕಿಗುಚಿ ಇಚಿರೋ ನೂರು ವರ್ಷ ದಾಟಿ ಬದುಕಿ, 2018ರಲ್ಲಿ ತೀರಿಕೊಂಡರು. ಅಲ್ಲಿ ಕಾಫಿ ಸೋಸುವುದು ಬಟ್ಟೆಯಲ್ಲಿ! ನಮ್ಮ ಅಜ್ಜಿ ಸೋಸುತ್ತಿದ್ದುದೂ ಬಟ್ಟೆಯಲ್ಲೇ. ಸ್ಟೀಲಿನ ಫಿಲ್ಟರು ಬಂದ ಮೇಲೆ ಆ ಕಂದುಬಣ್ಣದ ಚೌಕ ಮನೆಯಿಂದ ಮಾಯವಾಯಿತು.

ಜಪಾನು ಕಾಫಿ ಬೆಳೆಯುವ ನಾಡಲ್ಲ. ತಾನು ಕುಡಿಯುವ ಬೀಜದ ಬಹುಪಾಲೆಲ್ಲ ಹೊರಗಿನಿಂದ ಬರಬೇಕು. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಕರ್ನಾಟಕದ್ದು. ಬಾಬಾ ಬುಡನ್ ಏಳು ಬೀಜ ತಂದು ಗಿರಿಯಲ್ಲಿ ನೆಟ್ಟರೆಂಬ ಐತಿಹ್ಯ ನಮ್ಮದು. 1925ರಿಂದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ನಮ್ಮದು. ಅಲ್ಲಿ ಹುಟ್ಟಿದ ಎಸ್. 795 ಎಂಬ ತಳಿ ನಮ್ಮದು. ಹೀಗಿರುತ್ತ, ಬೆಳೆಯದವರು ಊರು ಕೇಳುತ್ತಾರೆ, ಬೆಳೆದ ನಾವು ಕೇಳುವುದಿಲ್ಲ. ಏಕೆ?

ಉತ್ತರದ ದೊಡ್ಡ ಪಾಲು ಇರುವುದು 1942ರ ಕಾಫಿ ಕಾಯಿದೆಯಲ್ಲಿ. ಯುದ್ಧದಿಂದ ಹೊರದೇಶದ ಮಾರುಕಟ್ಟೆ ಕಡಿದುಹೋಗಿ ಬೆಳೆಗಾರರು ಕಂಗಾಲಾಗಿದ್ದರು. ಆಗ ಕಾಫಿ ಮಂಡಳಿ ಎಲ್ಲರ ಬೆಳೆಯನ್ನೂ ಒಂದೇ 'ಪೂಲ್'ಗೆ, ಎಂದರೆ ಒಂದೇ ರಾಶಿಗೆ, ಸೇರಿಸಿಕೊಳ್ಳತೊಡಗಿತು. ಕ್ಯೂರಿಂಗ್ ವರ್ಕ್ಸುಗಳಲ್ಲಿ ಸಿಪ್ಪೆ ಸುಲಿದು, ಜರಡಿಯಾಡಿಸಿ, ದರ್ಜೆ ಕಟ್ಟುತ್ತಿದ್ದರು. ನೀರಿನಲ್ಲಿ ತಿರುಳು ತೊಳೆದು ಒಣಗಿಸಿದ ಅರೇಬಿಕಾದ ದಪ್ಪ ಬೀಜ 'ಪ್ಲಾಂಟೇಷನ್ ಎ'. ಹಣ್ಣಿನಲ್ಲಿ ಎರಡರ ಬದಲು ಒಂದೇ ಬೀಜ ಉರುಟಾಗಿ ಕೂತದ್ದು 'ಪೀಬೆರಿ'. ಹಣ್ಣಿನ ಸಮೇತ ಒಣಗಿಸಿದ್ದು 'ಚೆರ್ರಿ'. ಗಾತ್ರ ಉಳಿಯಿತು, ದರ್ಜೆ ಉಳಿಯಿತು, ತೋಟದ ಹೆಸರು ರಾಶಿಯಲ್ಲಿ ಕರಗಿತು. ಬೆಳೆಗಾರನಿಗೆ ಹಣ ಕಂತುಕಂತಾಗಿ ಬರುತ್ತಿತ್ತು. ಆ ವ್ಯವಸ್ಥೆಯನ್ನು ಹಳಿಯಲು ನನಗೆ ಮನಸ್ಸಿಲ್ಲ. ಕಷ್ಟಕಾಲದಲ್ಲಿ ಅದು ಅನೇಕ ಸಂಸಾರಗಳನ್ನು ಉಳಿಸಿತು. ಆದರೆ ಚೆನ್ನಾಗಿ ಬೆಳೆದವನಿಗೆ ಅವನ ಹೆಸರಿನ ಫಲ ಸಿಗಲಿಲ್ಲ. 1992ರಿಂದ ಹಂತಹಂತವಾಗಿ ಕಟ್ಟು ಸಡಿಲಿಸಿ, 1996ರಲ್ಲಿ ಎಲ್ಲ ಬೆಳೆಗಾರರಿಗೂ ತಮ್ಮ ಬೆಳೆಯನ್ನು ತಾವೇ ಮಾರುವ ಸ್ವಾತಂತ್ರ್ಯ ಕೊಟ್ಟರು.

ನಮ್ಮ ಸೀಮೆಯ ಶಿಲ್ಪದಿಂದ ಒಂದು ಹೋಲಿಕೆ ಕೊಡುತ್ತೇನೆ. ನುಗ್ಗೇಹಳ್ಳಿಯಲ್ಲಿಯೂ ಸೋಮನಾಥಪುರದಲ್ಲಿಯೂ ರೂವಾರಿ ಮಲ್ಲಿತಮ್ಮನ ಹೆಸರು ವಿಗ್ರಹಗಳ ಅಡಿಯಲ್ಲಿ ಕೊರೆದಿದೆ. ನಮ್ಮ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಕಾಲವನ್ನು ಸುಮಾರು 1250 ಎಂದು ವಿದ್ವಾಂಸರು ನಿರ್ಣಯಿಸಿದ್ದು ಕೆತ್ತನೆಯ ಶೈಲಿ ನೋಡಿ. ಕಾಫಿಯ ಪರಿಣತರೂ ಹೆಸರಿಲ್ಲದ ಬೀಜವನ್ನು ಹೀಗೆಯೇ ರುಚಿ ನೋಡಿ ಗುರುತಿಸಲು ನೋಡುತ್ತಾರೆ. ಬರೆದಿಟ್ಟಿದ್ದರೆ ಈ ಪಾಡು ಬೇಕಿರಲಿಲ್ಲ.

ಈಗ ಹೆಸರು ಮರಳಿ ಬರುತ್ತಿದೆ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತು ದೊರೆಯಿತು. ಆದರೂ ನನ್ನದೊಂದು ಅನುಮಾನ. ದೇಶದ ಕಾಫಿ ಬೆಳೆಗಾರರಲ್ಲಿ ಹೆಚ್ಚುಕಡಿಮೆ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಹತ್ತು ಹೆಕ್ಟೇರಿಗಿಂತ ಕಡಿಮೆ ನೆಲವುಳ್ಳವರು. ಇಂದಿರಾನಗರದ ಹಲಗೆಯ ಮೇಲಿದ್ದುದು ದೊಡ್ಡ ಎಸ್ಟೇಟುಗಳ ಹೆಸರು. ಸಕಲೇಶಪುರದ ಕಡೆ ನಾಲ್ಕೆಕರೆ ತೋಟ ಮಾಡಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯನ್ನು ಕೇಳಿದೆ. "ಹಣ್ಣೇ ಆರಿಸಿ ಕೀಳಿಸ್ಬೇಕು ಸಾರ್, ಬೇರೆ ಒಣಗಿಸ್ಬೇಕು, ಬೇರೆ ಮೂಟೆ ಕಟ್ಬೇಕು. ಆಳೆಲ್ಲಿ, ಕಣ ಎಲ್ಲಿ? ವ್ಯಾಪಾರಿ ಮನೆ ಬಾಗಿಲಿಗೇ ಬರ್ತಾನೆ, ತೂಕ ಹಾಕ್ತಾನೆ, ದುಡ್ಡು ಕೊಡ್ತಾನೆ" ಎಂದ. ಪೂಲ್ ಹೋಯಿತು, ರಾಶಿ ಹೋಗಲಿಲ್ಲ.

ನಾವು ಮನೆವಾರ್ತೆಯವರು ಹಾಲು ಬಿಟ್ಟು ಕರಿಕಾಫಿ ಕುಡಿಯಬೇಕಾಗಿಲ್ಲ. ಕಣ್ಣೆದುರೇ ಪುಡಿ ಮಾಡಿಸುವುದು ಗಾಂಧಿಬಜಾರು, ಮಲ್ಲೇಶ್ವರದ ಕಾಫಿ ವರ್ಕ್ಸುಗಳಲ್ಲಿ ಹಳೆಯ ಪದ್ಧತಿ. ಹೊಸ ಅಂಗಡಿಯವರ ಅರ್ಧ ವಿದ್ಯೆ ಅದೇ. ಹದಿನೈದು ದಿನಕ್ಕಾಗುವಷ್ಟು ಮಾತ್ರ ಕೊಳ್ಳಬಹುದು. ಪೊಟ್ಟಣ ಕೊಳ್ಳುವವರು ಚಿಕೋರಿಯ ಪ್ರಮಾಣ ಓದಿಕೊಳ್ಳಬೇಕು. ಮಿಶ್ರಣದಲ್ಲಿ ಕಾಫಿ ನೂರಕ್ಕೆ ಐವತ್ತೊಂದಕ್ಕಿಂತ ಕಡಿಮೆ ಇರಕೂಡದೆಂಬ ನಿಯಮವಿದೆ, ಎಂದರೆ ನಲವತ್ತೊಂಬತ್ತರವರೆಗೂ ಬೇರು ಬೆರೆತಿರಬಹುದು! ಜೊತೆಗೆ ಊರು ಕೇಳಬಹುದು. ಕೇಳುವುದಕ್ಕೆ ಖರ್ಚಿಲ್ಲ.

ನಾನು ಕೃಷ್ಣರಾಜಪೇಟೆಯ ನಮ್ಮ ಪುಡಿ ಅಂಗಡಿಯಲ್ಲಿ ಕೇಳಿದೆ. "ಹಾಸನದಿಂದ ಬರುತ್ತೆ ಮೇಷ್ಟ್ರೇ" ಎಂದರು. ಹಾಸನ ಪೇಟೆ, ತೋಟ ಯಾವ ಕಡೆಯದು ಎಂದು ಮತ್ತೆ ಕೇಳಿದೆ. ಅವರು ನಕ್ಕು ಸುಮ್ಮನಾದರು. ಮುಂದಿನ ತಿಂಗಳು ಹೋದಾಗ ಪೊಟ್ಟಣ ಕಟ್ಟಿ, ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು ಅದರ ಮೇಲೆ ಬರೆದುಕೊಟ್ಟರು: "ಆಲೂರು ಕಡೆ."