ಟ್ಯೂನಿಂಗ್ ನಾಬ್ ಕೈಕೊಟ್ಟಾಗ: ನಂಬಿಕೆ ಒಂದು, ವಾಸ್ತವ ಇನ್ನೊಂದು

ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಮೈಕ್ರೊಬಿಟೆಕ್ಸ್ ಟ್ರಾನ್ಸೀವರ್ 2017ರ ಕೊನೆಯಲ್ಲಿ ಬಂದದ್ದು ನಮ್ಮ ಹ್ಯಾಮ್ ರೇಡಿಯೊ ಹವ್ಯಾಸಿಗಳಿಗೆ ದೊಡ್ಡ ಉಪಕಾರ. ಪುಸ್ತಕದಗಲದ ಬೋರ್ಡು, 80 ಮೀಟರಿನಿಂದ 10 ಮೀಟರಿನವರೆಗಿನ ಬ್ಯಾಂಡುಗಳು, ಸುಮಾರು 10 ವಾಟ್ ಶಕ್ತಿ. ಸರ್ಕ್ಯೂಟೂ ಪ್ರೋಗ್ರಾಮೂ ಎಲ್ಲರಿಗೂ ಮುಕ್ತ. ಹೀಗಿದ್ದರೂ ಇಂಥ ಪುಟ್ಟ ಸೆಟ್ಟಿನ ನಾಬ್ ತಕರಾರು ತೆಗೆದ ದಿನ ಅದನ್ನು ಅಟ್ಟಕ್ಕೇರಿಸುವವರಿದ್ದಾರೆ. ಬಲಕ್ಕೆ ತಿರುಗಿಸಿದರೆ ಅಂಕಿ ಒಮ್ಮೆ ಮುಂದೆ, ಒಮ್ಮೆ ಹಿಂದೆ. ನಾಲ್ಕು ಕ್ಲಿಕ್ಕಿಗೆ ಒಂದೇ ಹೆಜ್ಜೆ. "ಫ್ರೀಕ್ವೆನ್ಸಿ ಹುಟ್ಟಿಸುವ ವಿಎಫ್‌ಒ ಹೋಯಿತು, ಬೋರ್ಡೇ ಬದಲಿಸಬೇಕು" ಎಂಬ ತೀರ್ಪು ತಕ್ಷಣ ಬರುತ್ತದೆ.

ಈ ತೀರ್ಪು ಹಳೆಯ ಕಾಲದ್ದು. ಗ್ಯಾಂಗ್ ಕಂಡೆನ್ಸರ್ ಇದ್ದ ಸೆಟ್ಟುಗಳಲ್ಲಿ ನಾಬ್ ತಿರುಗಿಸಿದರೆ ಲೋಹದ ತಗಡುಗಳು ಒಂದರೊಳಗೊಂದು ಸರಿದು ಫ್ರೀಕ್ವೆನ್ಸಿ ನಿಜಕ್ಕೂ ಬದಲಾಗುತ್ತಿತ್ತು. ಮೈಕ್ರೊಬಿಟೆಕ್ಸ್‌ನಲ್ಲಿ ಫ್ರೀಕ್ವೆನ್ಸಿ ಹುಟ್ಟುವುದು ಎಸ್‌ಐ5351 ಎಂಬ ಚಿಪ್ಪಿನಲ್ಲಿ. ಅದಕ್ಕೆ ಅಪ್ಪಣೆ ಕೊಡುವುದು ಆರ್ಡುಯಿನೊ ನ್ಯಾನೊ. ನಾಬಿನ ಹಿಂದಿರುವುದು ರೋಟರಿ ಎನ್‌ಕೋಡರ್. ಅದರೊಳಗೆ ಇರುವುದು ಎ, ಬಿ ಎಂಬ ಎರಡೇ ಸ್ವಿಚ್ಚು. ತಿರುಗಿಸಿದಾಗ ಎರಡೂ ತುಸು ಹಿಂದೆಮುಂದೆ ಮುಚ್ಚಿ ತೆರೆಯುತ್ತವೆ. ಮೊದಲು ಮುಚ್ಚಿದ್ದು ಎ ಅಥವಾ ಬಿ ಎಂಬುದನ್ನು ನೋಡಿ ನ್ಯಾನೊ ದಿಕ್ಕು ತಿಳಿಯುತ್ತದೆ. ಒಂದು ಸ್ವಿಚ್ಚು ಒಮ್ಮೆ ಸ್ಪರ್ಶ ತಪ್ಪಿದರೂ ಕ್ರಮ ಕೆಟ್ಟು, ಮುಂದೆ ಹೋಗಬೇಕಾದ ಲೆಕ್ಕ ಹಿಂದೆ ಹೋಗುತ್ತದೆ. ಆದ್ದರಿಂದ ನಾಬ್ ಮುಟ್ಟದೆ ಬಿಟ್ಟಾಗ ಕೇಳುತ್ತಿರುವ ದನಿ ಕದಲದೆ ನಿಂತರೆ ವಿಎಫ್‌ಒ ಗಟ್ಟಿಯಾಗಿದೆ ಎಂದೇ ಅರ್ಥ.

ಖಾತ್ರಿ ಮಾಡಿಕೊಳ್ಳಲು ಮಲ್ಟಿಮೀಟರ್ ಸಾಕು. ಎನ್‌ಕೋಡರಿನ ಒಂದು ಬದಿಗೆ ಮೂರು ಕಾಲು. ನಡುವಿನದು ಗ್ರೌಂಡ್, ಅಕ್ಕಪಕ್ಕದವು ಎ ಮತ್ತು ಬಿ. ಎದುರು ಬದಿಯ ಎರಡು ಕಾಲು ನಾಬ್ ಒತ್ತಿದಾಗ ಕೆಲಸ ಮಾಡುವ ಗುಂಡಿಯವು. ಸೆಟ್ ಆನ್ ಮಾಡಿ, ಎ ಮತ್ತು ಗ್ರೌಂಡ್ ನಡುವೆ ಡಿಸಿ ವೋಲ್ಟೇಜ್ ನೋಡಿ. ಸ್ವಿಚ್ಚು ತೆರೆದಿದ್ದರೆ 5 ವೋಲ್ಟಿನ ಹತ್ತಿರ, ಮುಚ್ಚಿದ್ದರೆ ಸೊನ್ನೆ. ಸುತ್ತಿಗೆ 20 ಕ್ಲಿಕ್ಕು, 20 ಪಲ್ಸ್ ಇರುವ ಎನ್‌ಕೋಡರ್ ಆದರೆ ಕ್ಲಿಕ್ಕಿನಲ್ಲಿ ನಿಂತಾಗಲೆಲ್ಲ ಒಂದೇ ಓದಿಕೆ ಬರುತ್ತದೆ. ಅದಕ್ಕೇ ಎರಡು ಕ್ಲಿಕ್ಕುಗಳ ನಡುವೆ ನಾಬನ್ನು ಬೆರಳಲ್ಲಿ ಹಿಡಿದು ನಿಲ್ಲಿಸಬೇಕು. ಅಲ್ಲಿ ಮೀಟರು ಸೊನ್ನೆಗೆ ಇಳಿಯದೆ ಓಲಾಡಿದರೆ ಕಳ್ಳ ಸಿಕ್ಕಿದ. ಬಿ ಕಾಲಿಗೂ ಇದೇ ಪರೀಕ್ಷೆ.

ಎರಡನೆಯ ನಂಬಿಕೆ ಸ್ಪ್ರೇಯದು. ಡಬ್ಲ್ಯುಡಿ-40 ಒಂದೆರಡು ಸಲ ಚಿಮುಕಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಹೋಗುವುದೂ ಉಂಟು, ಕೆಲವು ದಿನ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಈ ದ್ರವವನ್ನು ಮಾಡಿದ್ದು ಲೋಹದ ಮೇಲಿನ ತೇವವನ್ನು ಹೊರದೂಡಿ ತುಕ್ಕು ತಡೆಯಲು. ಅದು ಎಣ್ಣೆಯ ಪದರವನ್ನು ಬಿಟ್ಟುಹೋಗುತ್ತದೆ, ಪದರಕ್ಕೆ ಧೂಳು ಅಂಟುತ್ತದೆ. ಕೆಟ್ಟ ಎನ್‌ಕೋಡರ್ ಒಂದರ ಲೋಹದ ಮುಚ್ಚಳದ ಕಿವಿಗಳನ್ನು ಎತ್ತಿ ಬಿಚ್ಚಿ ನೋಡಿದರೆ ವಿಷಯ ಕಣ್ಣಿಗೇ ಕಾಣುತ್ತದೆ: ಗಾಡಿಚಕ್ರದ ಅರಗಳಂತೆ ಲೋಹದ ಪಟ್ಟಿಗಳಿರುವ ಬಿಲ್ಲೆ, ಅದರ ಮೇಲೆ ಉಜ್ಜುತ್ತ ಹೋಗುವ ಕೂದಲೆಳೆಯಂಥ ಸ್ಪ್ರಿಂಗ್ ಬೆರಳುಗಳು, ಸವೆದ ಲೋಹದ ಪುಡಿ ಬೆರೆತು ಕಪ್ಪಾದ ಗ್ರೀಸು. ಹೊರಗಿನಿಂದ ಚಿಮುಕಿಸಿದ್ದು ಈ ಪುಡಿಯನ್ನು ಅತ್ತಿತ್ತ ಸರಿಸುತ್ತದೆ, ಹೊರಗೆ ತರುವುದಿಲ್ಲ. ಕೊಳೆ ಮಾತ್ರ ಇದ್ದರೆ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿದರೆ ಗುಣ ಕಾಣುತ್ತದೆ. ಬಿಲ್ಲೆಯ ಪಟ್ಟಿಯೇ ಸವೆದಿದ್ದರೆ ಯಾವ ಔಷಧವೂ ಇಲ್ಲ, ಬದಲಿಸಲೇಬೇಕು. ಆಲ್ಪ್ಸ್ ಕಂಪನಿಯ ಇಸಿ11 ಮಾದರಿಗೆ ತಯಾರಕರು ಹೇಳುವ ಆಯುಷ್ಯ 15,000 ಸುತ್ತು. ದಿನವಿಡೀ ಬ್ಯಾಂಡು ಜಾಲಾಡುವ ಹ್ಯಾಮ್ ಕೈಗೆ ಇದು ಹೆಚ್ಚೇನಲ್ಲ.

ಎನ್‌ಕೋಡರ್ ತಪ್ಪೇ ಇಲ್ಲದೆ ಅಪವಾದ ಹೊರುವುದೂ ಉಂಟು. ಬೇಗ ತಿರುಗಿಸಿದಾಗ ಅಂಕಿ ಒಮ್ಮೆಲೇ ಸಾವಿರಗಟ್ಟಲೆ ಹರ್ಟ್ಸ್ ಹಾರುವುದನ್ನು ದೋಷ ಎಂದುಕೊಳ್ಳುತ್ತಾರೆ. ಮೈಕ್ರೊಬಿಟೆಕ್ಸ್‌ನ ಮೂಲ ಪ್ರೋಗ್ರಾಮಿನಲ್ಲಿ ನಿಧಾನಕ್ಕೆ ತಿರುಗಿಸಿದರೆ ಹೆಜ್ಜೆ 50 ಹರ್ಟ್ಸ್. ವೇಗ ಹೆಚ್ಚಿದಷ್ಟೂ ಹೆಜ್ಜೆಯೂ ಹಿಗ್ಗುತ್ತದೆ. ಬೇಕೆಂದೇ ಹಾಗೆ ಬರೆದದ್ದು. ಇನ್ನು, ನ್ಯಾನೊ ಈ ಸ್ವಿಚ್ಚುಗಳನ್ನು ಸರದಿಯ ಮೇಲೆ ಬಂದು ನೋಡುತ್ತದೆ. ಡಿಸ್‌ಪ್ಲೇ ಬರೆಯುತ್ತಿದ್ದಾಗ ನಾಬಿನತ್ತ ಅದರ ಗಮನವಿಲ್ಲ. ಆಗ ತಿರುಗಿಸಿದ ಕ್ಲಿಕ್ಕುಗಳು ಲೆಕ್ಕಕ್ಕೆ ಸಿಗದಿರಬಹುದು. ಹಾಗಾಗಿ ಪರೀಕ್ಷೆ ಯಾವಾಗಲೂ ನಿಧಾನಗತಿಯಲ್ಲಿ ಆಗಬೇಕು. ನಿಧಾನಕ್ಕೆ ತಿರುಗಿಸಿದಾಗಲೂ ಜಾರಿದರೆ ಮಾತ್ರ ಎನ್‌ಕೋಡರನ್ನು ದೂರಿ.

ನಾಬ್ ಜಾರಿದರೆ ಕೆಪಾಸಿಟರ್ ಹಾಕಿ ಎಂಬ ಸಲಹೆ ಅರ್ಧ ಸತ್ಯ. ಎ, ಬಿ ಕಾಲುಗಳಿಂದ ಗ್ರೌಂಡಿಗೆ ಒಂದೊಂದು ಕೆಪಾಸಿಟರ್ ಹಾಕಿದರೆ ಸ್ಪರ್ಶದ ನಡುಕ ತಗ್ಗುತ್ತದೆ, ನಿಜ. ದೊಡ್ಡದಾದಷ್ಟೂ ಒಳ್ಳೆಯದು ಎಂಬುದು ಸುಳ್ಳು. ನ್ಯಾನೊದ ಒಳಗಿನ ಪುಲ್‌ಅಪ್ ರೆಸಿಸ್ಟರ್ 20ರಿಂದ 50 ಕಿಲೋಓಮ್. ನಡುವಿನ 35 ಹಿಡಿಯೋಣ. 0.01 ಮೈಕ್ರೊಫ್ಯಾರಡ್ ಹಾಕಿದರೆ ವಿಳಂಬ 0.35 ಮಿಲಿಸೆಕೆಂಡ್, 0.1 ಹಾಕಿದರೆ 3.5. ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ 20 ಪಲ್ಸಿನ ಎನ್‌ಕೋಡರಿನ ಪ್ರತಿ ಸ್ಥಿತಿ ಉಳಿಯುವುದೇ ಸುಮಾರು 6 ಮಿಲಿಸೆಕೆಂಡ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೆಪಾಸಿಟರೇ ನುಂಗಿದರೆ ಕಾಯಿಲೆಗಿಂತ ಮದ್ದೇ ಕೆಟ್ಟದ್ದು. 0.01 ಸಾಕು.

ಸ್ಟೇಷನ್ನು ಇರಬೇಕಾದ ಅಂಕಿಗಿಂತ ಆಚೀಚೆ ಸಿಗುತ್ತಿದ್ದರೆ ಅದಕ್ಕೂ ನಾಬಿಗೂ ಸಂಬಂಧವೇ ಇಲ್ಲ. ಅದು ಎಸ್‌ಐ5351ರ ಕ್ರಿಸ್ಟಲ್ಲಿನ ವಿಷಯ. 10 ಮೆಗಾಹರ್ಟ್ಸ್‌ನಲ್ಲಿ ಚೀನಾದ ಬಿಪಿಎಂ ಸಮಯ ಸಂಕೇತ ಕೇಳಿಸಿದರೆ ಅದನ್ನು ಹಿಡಿದು ಕ್ಯಾಲಿಬ್ರೇಷನ್ ಮಾಡಿಕೊಳ್ಳಬಹುದು.

ಬಿಡಿಭಾಗ ಕಂಪನಿಯಿಂದಲೇ ಬರಬೇಕೆಂದೂ ಇಲ್ಲ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಇಸಿ11 ಮಾದರಿ ಕೇಳಿ. ಪಲ್ಸಿನ ಸಂಖ್ಯೆ, ಒತ್ತುವ ಗುಂಡಿ ಇದೆಯೇ, ಶಾಫ್ಟಿನ ಉದ್ದ ಮತ್ತು ತುದಿಯ ಆಕಾರ ಹಳೆಯದಕ್ಕೆ ಹೊಂದಬೇಕು. ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದೇ ಸುಲಭ. ಬೆಸುಗೆ ಬಿಡಿಸುವ ಮೊದಲು ವಯರುಗಳ ಫೋಟೊ ತೆಗೆದುಕೊಳ್ಳಿ. ಹೊಸದು ಉಲ್ಟಾ ದಿಕ್ಕಿಗೆ ಎಣಿಸಿದರೆ ಗಾಬರಿ ಬೇಡ, ಎ ಮತ್ತು ಬಿ ವಯರುಗಳನ್ನು ಅದಲುಬದಲು ಮಾಡಿ.

ನಮ್ಮಲ್ಲಿ 40 ಮೀಟರ್ ಬ್ಯಾಂಡಿನ ಮಿತಿ 7.000ರಿಂದ 7.200 ಮೆಗಾಹರ್ಟ್ಸ್. ಅಂಚಿನಲ್ಲಿದ್ದಾಗ ಅಂಕಿ ಜಿಗಿದದ್ದನ್ನು ನೋಡದೆ ಮೈಕಿನ ಪಿಟಿಟಿ ಗುಂಡಿ ಒತ್ತಿದರೆ ಬ್ಯಾಂಡಿನ ಹೊರಗೆ ಮಾತಾಡಿದಂತಾಗುತ್ತದೆ. ಆದ್ದರಿಂದ ರಿಪೇರಿಯಾದ ಮೇಲೆ ಕೆಲವು ಕಿಲೋಹರ್ಟ್ಸ್ ಮುಂದಕ್ಕೂ ಅಷ್ಟೇ ಹಿಂದಕ್ಕೂ ಕ್ಲಿಕ್ಕು ಕ್ಲಿಕ್ಕಾಗಿ ತಿರುಗಿಸಿ ನೋಡಿ. ಎಲ್ಲೂ ಜಾರಲಿಲ್ಲವೆಂದು ಮನದಟ್ಟಾದ ಮೇಲಷ್ಟೇ ಮೈಕ್ ಕೈಗೆತ್ತಿಕೊಳ್ಳಿ.