ಘಟ್ಟದ ಮನೆಗೆ ಹ್ಯಾಮ್‌ಸ್ಟರ್ ಬಂದರೆ ಗೂಡು ಎಲ್ಲಿಡೋದು? ಮಳೆ ಹಿಡಿಯೋ ಮೊದಲೇ ಜಾಗ ನೋಡಿಕೊಳ್ಳಿ

ಸಕಲೇಶಪುರ: ಬೆಂಗಳೂರು, ಮಂಗಳೂರಿನ ಪೆಟ್ ಶಾಪ್‌ಗಳಿಂದ ಮಕ್ಕಳ ಹಟಕ್ಕೆ ಮನೆಗೆ ಬರುವ ಪ್ರಾಣಿಗಳಲ್ಲಿ ಹ್ಯಾಮ್‌ಸ್ಟರ್ ಕೂಡ ಒಂದು. ಮುಷ್ಟಿಯಷ್ಟು ದೊಡ್ಡದು, ಬಾಲ ಇದ್ದೂ ಇಲ್ಲದಂತೆ. ಅಜ್ಜಿಯಂದಿರ ಲೆಕ್ಕದಲ್ಲಿ ಅದು ಇಲಿಯೇ. ಅಂಗಡಿಯವರು ಪಂಜರ, ಚಕ್ರ, ನೀರಿನ ಬಾಟ್ಲಿ, ಕಾಳಿನ ಪ್ಯಾಕೆಟ್ ಎಲ್ಲ ಕಟ್ಟಿ ಕೊಡ್ತಾರೆ. ಆದರೆ ಸಕಲೇಶಪುರ, ಆಲೂರು ಕಡೆಯ ಮನೆಯಲ್ಲಿ, ಅದರಲ್ಲೂ ಎಡಕುಮೇರಿ, ಕಡಗರವಳ್ಳಿಯಂಥ ಘಟ್ಟದಂಚಿನಲ್ಲಿ, ಗೂಡು ಎಲ್ಲಿಟ್ಟರೆ ಪ್ರಾಣಿ ಉಳಿಯುತ್ತೆ ಅನ್ನೋದು ಬೇರೆಯೇ ಪ್ರಶ್ನೆ.

ಕಾರಣ ಸರಳ. ಈ ಪ್ರಾಣಿ ಒಣ ನಾಡಿನದು. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞ ಸಿರಿಯಾದ ಅಲೆಪ್ಪೊ ಹತ್ತಿರದ ಹೊಲವೊಂದನ್ನು ಅಗೆಸಿ, ಆಳದ ಬಿಲದಿಂದ ತಾಯಿ ಹ್ಯಾಮ್‌ಸ್ಟರ್ ಮತ್ತು ಮರಿಗಳನ್ನು ತೆಗೆಸಿದ. ಇವತ್ತು ಪ್ರಪಂಚದ ಮನೆಮನೆಯಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳಲ್ಲಿ ಹೆಚ್ಚಿನವು ಆ ಮರಿಗಳ ಸಂತತಿ. ಹಗಲು ಒಣ ಬಿಲದಲ್ಲಿ ಮಲಗಿ, ಕತ್ತಲಾದ ಮೇಲೆ ಓಡಾಡುವ ಜೀವ ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ಊರಿಗೆ ಅದು ಹೊಂದಿಕೊಳ್ಳಬೇಕು ಅಂದ್ರೆ ಮನೆಯವರೇ ಜಾಗ ಹುಡುಕಿ ಕೊಡಬೇಕು.

ತಂಡಿಯೇ ಮೊದಲ ಶತ್ರು

ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿಗೆ ಬೂಷ್ಟು ಹಿಡಿಯುವ ಮೂಲೆ ಯಾವುದು ಅಂತ ಪ್ರತಿ ಮನೆಯವರಿಗೂ ಗೊತ್ತಿರುತ್ತೆ. ಅಲ್ಲಿ ಗೂಡು ಬೇಡ. ಒದ್ದೆ ಹಾಸು, ಬೂಷ್ಟು, ಮೂತ್ರದ ವಾಸನೆ ಸೇರಿದರೆ ಉಸಿರಾಟದ ಕಾಯಿಲೆ ಬರುತ್ತೆ. ಇಷ್ಟು ಸಣ್ಣ ಪ್ರಾಣಿಗೆ ಕಾಯಿಲೆ ಬಂದರೆ ಒಂದೆರಡು ದಿನದಲ್ಲೇ ಕೈಮೀರಬಹುದು.

ಹೊಸಮನೆಯಾಗಿದ್ದು ಅಂದಾಜು ಸಿಗದಿದ್ದರೆ ಒಂದು ಸುಲಭದ ಉಪಾಯ ಇದೆ. ಗೂಡಿಡಬೇಕು ಅಂದುಕೊಂಡ ಜಾಗದಲ್ಲಿ ಒಂದು ಬೆಂಕಿಪೊಟ್ಟಣ, ಒಂದು ತಟ್ಟೆ ಕಲ್ಲುಪ್ಪು ಎರಡು ದಿನ ಇಟ್ಟು ನೋಡಿ. ಉಪ್ಪು ನೀರಾಗಿ, ಕಡ್ಡಿ ಗೀರಿದರೆ ಹತ್ತದಿದ್ದರೆ ಆ ಜಾಗ ಬಿಟ್ಟುಬಿಡಿ.

ಮಳೆ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ ಬೀಸಿ ಹೊಡೆಯುತ್ತೆ. ಹಿಂದಿನವರು ಆ ಕಡೆ ಗೋಡೆಗೆ ಸೋಗೆ ತಟ್ಟಿ ಕಟ್ಟುತ್ತಿದ್ದುದು ಸುಮ್ಮನೆ ಅಲ್ಲ. ಆ ಗೋಡೆಗೆ ಗೂಡು ತಾಗಿಸಬಾರದು. ಎರಡು ಕೋಣೆ ನಡುವಿನ ಒಳಗೋಡೆ ಒಳ್ಳೆಯದು, ಅದಕ್ಕೂ ನಾಲ್ಕು ಬೆರಳು ಜಾಗ ಬಿಡಿ. ನೆಲದ ಮೇಲಂತೂ ಬೇಡ. ಸಿಮೆಂಟು, ರೆಡ್‌ಆಕ್ಸೈಡ್ ನೆಲ ಮಳೆಗಾಲದಲ್ಲಿ ಬೆವರುತ್ತೆ, ಇರುವೆ ಹತ್ತುತ್ತೆ, ನಡೆದಾಡುವವರ ಕಾಲಸದ್ದೆಲ್ಲ ಅದಕ್ಕೆ ತಟ್ಟುತ್ತೆ. ಸೊಂಟದೆತ್ತರದ ಗಟ್ಟಿ ಮೇಜು ಸಾಕು. ಅಟ್ಟದ ಮೇಲೆ ಇಡುವವರೂ ಇದ್ದಾರೆ, ಆದರೆ ಏಪ್ರಿಲ್‌ನಲ್ಲಿ ಹಂಚಿನ ಕೆಳಗಿನ ಕಾವು ತಡೆಯೋದು ಕಷ್ಟ.

ಮೇಜು ದೊಡ್ಡದೇ ಬೇಕು. ಅಂಗಡಿಯಲ್ಲಿ ಕೊಡುವ ಬಣ್ಣಬಣ್ಣದ ಪುಟ್ಟ ಪಂಜರ ನಿಜಕ್ಕೂ ಚಿಕ್ಕದು. ಮೂರಡಿಗಿಂತ ಸ್ವಲ್ಪ ಹೆಚ್ಚು ಉದ್ದ, ಒಂದೂವರೆ ಅಡಿಗಿಂತ ಹೆಚ್ಚು ಅಗಲ ತಳ ಇರಬೇಕು ಅನ್ನೋದು ಈಗಿನ ಪ್ರಾಣಿಪ್ರಿಯರ ಲೆಕ್ಕ. ಹಾಗಾಗಿ ಮೊದಲು ಜಾಗ ಅಳೆದು, ಆಮೇಲೆ ಪಂಜರ ಕೊಳ್ಳೋದು ವಾಸಿ.

ಯಾವ ಕೋಣೆ?

ಅಡುಗೆಮನೆ ಬೆಚ್ಚಗಿರುತ್ತೆ ಅಂತ ಅಲ್ಲಿಡಬೇಡಿ. ಒಲೆ ಹೊಗೆ, ಮೆಣಸಿನಕಾಯಿ ಒಗ್ಗರಣೆ ಘಾಟು ನಮಗೇ ಕೆಮ್ಮು ತರಿಸುತ್ತೆ, ಅದರ ಶ್ವಾಸಕೋಶ ಎಷ್ಟಿದ್ದೀತು? ದೇವರಮನೆ ಪಕ್ಕ ಊದುಬತ್ತಿ, ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಇವೂ ಅಷ್ಟೇ. ಟಿವಿ, ಮಿಕ್ಸಿ, ಫ್ರಿಜ್, ಇನ್ವರ್ಟರ್ ಪಕ್ಕವೂ ಸರಿಯಲ್ಲ. ನಮ್ಮ ಕಿವಿಗೆ ಬೀಳದ ಸೂಕ್ಷ್ಮ ಸದ್ದೂ ಹ್ಯಾಮ್‌ಸ್ಟರ್‌ಗೆ ಕೇಳುತ್ತೆ. ಕಿಟಕಿ ಎದುರು ಇಟ್ಟರೆ ಬಿಸಿಲು ನೇರ ಬಿದ್ದ ದಿನ, ಅದರಲ್ಲೂ ಗಾಜಿನ ತೊಟ್ಟಿಯಾದರೆ, ಪ್ರಾಣಿ ಬೆಂದುಹೋಗುತ್ತೆ.

ಉಳಿಯೋದು ನಡುಮನೆಯ ಮೂಲೆ ಅಥವಾ ಹೆಚ್ಚು ಬಳಕೆ ಇಲ್ಲದ ಕೋಣೆ. ಮಕ್ಕಳ ಕೋಣೆಯಲ್ಲೂ ಇಡಬಹುದು, ಆದರೆ ರಾತ್ರಿಯೆಲ್ಲ ಚಕ್ರ ತಿರುಗುತ್ತೆ. ಕಿರುಗುಟ್ಟಿದರೆ ಅಚ್ಚಿಗೆ ಒಂದು ಹನಿ ಅಡುಗೆ ಎಣ್ಣೆ ಬಿಡಿ.

ಎಡಕುಮೇರಿ ಕಡೆಗೆ ಇನ್ನೊಂದು ತಾಪತ್ರಯ ಇದೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ಘಟ್ಟದ ಹಳಿಯಲ್ಲಿ 57 ಸುರಂಗ. ಗೂಡ್ಸ್ ಗಾಡಿಗಳು ಹೆಚ್ಚುವರಿ ಎಂಜಿನ್ ಕಟ್ಟಿಕೊಂಡು ಏರುವಾಗ ಹಳಿ ಪಕ್ಕದ ಕ್ವಾರ್ಟರ್ಸಿನ ಪಾತ್ರೆ ನಡುಗುತ್ತೆ. ಅಂಥ ಮನೆಯಲ್ಲಿ ಗೂಡನ್ನು ಹಳಿಯಿಂದ ದೂರದ ಕೋಣೆಯಲ್ಲಿ, ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಅಥವಾ ಮಡಚಿದ ಗೋಣಿಚೀಲ ಹಾಕಿ ಇಡಬೇಕು.

ಅಂಗಡಿಯವರಿಗೂ ಒಂದು ಮಾತು. ಗಿರಾಕಿಗಳ ಮಕ್ಕಳಿಗೆ ಆಟ ಆಗುತ್ತೆ ಅಂತ ಗಲ್ಲಾ ಪಕ್ಕ ಗೂಡಿಟ್ಟರೆ ಪ್ರಾಣಿಗೆ ಹಗಲು ನಿದ್ದೆ ಇಲ್ಲ, ಸಂಜೆ ಶಟರ್ ಎಳೆದ ಮೇಲೆ ನೋಡುವವರಿಲ್ಲ. ದಿನಸಿ ಅಂಗಡಿಯಲ್ಲಿ ಇಲಿ ಪಾಷಾಣ ಇಟ್ಟಿರ್ತಾರೆ. ಕಾಳು ತುಂಬಿದ ಗೋದಾಮಿನಲ್ಲಿ ಹುಳಕ್ಕೆ ಇಡುವ ಮಾತ್ರೆಯ ಗ್ಯಾಸು ಮನುಷ್ಯರ ಜೀವವನ್ನೇ ತೆಗೆಯಬಲ್ಲದು, ಅಲ್ಲಿ ಯಾವ ಪ್ರಾಣಿಯನ್ನೂ ಸೇರಿಸಬಾರದು.

ಬೆಕ್ಕು, ಹಾವು ಮರೆಯಬೇಡಿ. ಇಲಿ ವಾಸನೆ ಹಿಡಿದು ಕೇರೆಹಾವು ಹಂಚಿನ ಮನೆಗೆ ಬರೋದು ನಮ್ಮಲ್ಲಿ ಹೊಸದೇನಲ್ಲ. ಪಂಜರದ ಸರಳಿನ ಸಂದಿ ಸಣ್ಣ ಹಾವಿಗೆ ಬಾಗಿಲಿದ್ದಂತೆ. ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಸುತ್ತಿ ಬಿಗಿ ಮಾಡಿ. ಚೆಲ್ಲಿದ ಕಾಳನ್ನು ದಿನಾ ಗುಡಿಸಿ. ಇಲ್ಲದಿದ್ದರೆ ಮನೆಯ ಇಲಿ ಬರುತ್ತೆ, ಅದರ ಮೂತ್ರದಿಂದ ಇಲಿಜ್ವರದ ಭಯ ಮನೆಯವರಿಗೂ ಇದೆ.

ಚಳಿಗೆ ಮರಗಟ್ಟಿದರೆ ಮಣ್ಣು ಮಾಡಬೇಡಿ

ಇದನ್ನು ಎಲ್ಲರೂ ತಿಳಿದಿರಲೇಬೇಕು. ಡಿಸೆಂಬರ್, ಜನವರಿಯ ಬೆಳಗಿನ ಜಾವ ಗಾಳಿ ನುಗ್ಗುವ ಜಗಲಿಯಲ್ಲಿ ಗೂಡಿದ್ದು, ತಿನ್ನೋಕೂ ಕಮ್ಮಿಯಾದರೆ ಹ್ಯಾಮ್‌ಸ್ಟರ್ ತಣ್ಣಗಾಗಿ, ಮುದುಡಿ, ಉಸಿರು ಇದೆಯೋ ಇಲ್ಲವೋ ಎಂಬ ಸ್ಥಿತಿಗೆ ಹೋಗಬಹುದು. ಅದು ಚಳಿನಿದ್ದೆ. ಸತ್ತಿದೆ ಅಂತ ತೋಟದಲ್ಲಿ ಗುಂಡಿ ತೋಡಿದರೆ ಜೀವಂತ ಹೂತಂತೆ. ಮೀಸೆ ಅಲುಗುತ್ತಾ, ನಿಮಿಷಕ್ಕೊಮ್ಮೆಯಾದರೂ ಎದೆ ಏಳುತ್ತಾ ಅಂತ ತಾಳ್ಮೆಯಿಂದ ನೋಡಿ. ಅನುಮಾನ ಇದ್ದರೆ ಬೆಚ್ಚಗಿನ ಕೋಣೆಗೆ ತಂದು, ಅಂಗೈಯಲ್ಲಿಟ್ಟು, ನಿಧಾನಕ್ಕೆ ಬಿಸಿ ಕೊಡಿ. ಕೆಲವೊಮ್ಮೆ ಗಂಟೆಗಟ್ಟಲೆ ಹಿಡಿಯುತ್ತೆ. ಒಲೆ ಪಕ್ಕ ಹಿಡಿಯೋದು, ಬಿಸಿನೀರಿಗೆ ಹಾಕೋದು ಮಾತ್ರ ಬೇಡ. ಎದ್ದ ಮೇಲೆ ನೀರು, ಆಹಾರ ಕೊಟ್ಟು ಪಶುವೈದ್ಯರಿಗೆ ತೋರಿಸಿ. ನಮ್ಮ ಪಶು ಆಸ್ಪತ್ರೆಗಳಲ್ಲಿ ದನ, ನಾಯಿಯೇ ಹೆಚ್ಚು, ಹಾಗಾಗಿ ಮೊದಲೇ ಫೋನ್ ಮಾಡಿ ಕೇಳಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ.

ಕೋಳಿಮರಿಗೆ ಇಟ್ಟಂತೆ ಬಲ್ಬ್ ಉರಿಸಿಡೋದೂ ಸರಿಯಲ್ಲ. ರಾತ್ರಿ ಬೆಳಕಿದ್ದರೆ ಹ್ಯಾಮ್‌ಸ್ಟರ್ ಹೊರಗೇ ಬರಲ್ಲ. ಹೇಗೂ ಗಾಳಿಮಳೆಗೆ ಕರೆಂಟು ಹೋದರೆ ಬಲ್ಬೂ ಇಲ್ಲ. ದಪ್ಪಗೆ ಒಣ ಹಾಸು ಹಾಕಿದರೆ ಅದೇ ಬಿಲ ಮಾಡಿಕೊಂಡು ಬೆಚ್ಚಗಿರುತ್ತೆ.

ಆ ಹಾಸು, ಕಾಳು ಸಾಮಾನ್ಯವಾಗಿ ಹೊರಗಿನಿಂದಲೇ ಬರಬೇಕು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತವಾಗಿ ರೈಲು ನಿಂತಿದ್ದು ನೆನಪಿರಬಹುದು. ಶಿರಾಡಿ ರಸ್ತೆಯ ಕಥೆಯೂ ಪ್ರತಿ ಮಳೆಗಾಲ ಅದೇ. ಮೇ ತಿಂಗಳಲ್ಲೇ ಒಂದು ತಿಂಗಳಿಗಾಗುವಷ್ಟು ತಂದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಹಾಸು ಮುಗಿದರೆ ಸಾ ಮಿಲ್ಲಿನ ನುಣ್ಣನೆ ಪುಡಿ ತಂದು ಹಾಕಬೇಡಿ, ಅದರ ಧೂಳು ಮೂಗಿಗೆ ಕೂರುತ್ತೆ. ವಾಸನೆ ಇಲ್ಲದ ಬಿಳಿ ಟಿಶ್ಯೂ ಕಾಗದ ಹರಿದು ಹಾಕಿದರೂ ಕೆಲವು ದಿನ ನಡೆಯುತ್ತೆ.