ಹೈಡ್ರಾಲಿಕ್ ಎಣ್ಣೆಯ ಸೋರಿಕೆ: ಪತ್ತೆ, ದುರಸ್ತಿ ಮತ್ತು ಲೆಕ್ಕ

ಎಮ್ಮೆದೊಡ್ಡಿ ಸುತ್ತಮುತ್ತಲಿನ ಹಳ್ಳಿಗಳಿಗೂ ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಪೇಟೆಗಳಿಗೂ ನಡುವೆ ಗೊಬ್ಬರ, ಜಲ್ಲಿ, ಇಟ್ಟಿಗೆ, ತೆಂಗಿನಕಾಯಿ ಮುಂತಾದ ಸರಕನ್ನು ಸಾಗಿಸುವಲ್ಲಿ ಟ್ರಾಕ್ಟರ್ ಟ್ರೇಲರುಗಳ ಪಾತ್ರ ದೊಡ್ಡದು. ಟ್ರೇಲರಿನ ತೊಟ್ಟಿಯನ್ನು ಎತ್ತಿ ಸರಕು ಸುರಿಯುವ ಹೈಡ್ರಾಲಿಕ್ ಜಾಕ್ ಕೂಲಿಯನ್ನೂ ವೇಳೆಯನ್ನೂ ಉಳಿಸುತ್ತದೆ. ಆದರೆ ಅದರಿಂದ ತೊಟ್ಟಿಕ್ಕುವ ಎಣ್ಣೆಯನ್ನು ಅನೇಕ ಮಾಲೀಕರು ಸಹಜವೆಂದು ಭಾವಿಸಿ ಸುಮ್ಮನಾಗುತ್ತಾರೆ.

ಇದರ ನಷ್ಟವನ್ನು ಲೆಕ್ಕ ಹಾಕಬಹುದು. ಸುಮಾರು 20 ಹನಿಗಳಿಗೆ ಒಂದು ಮಿಲಿಲೀಟರ್. ಹತ್ತು ಸೆಕೆಂಡಿಗೊಂದು ಹನಿ ಸೋರಿದರೆ, ಎಂಟು ಗಂಟೆಯ ಕೆಲಸದಲ್ಲಿ 2,880 ಹನಿ, ಅಂದರೆ 144 ಮಿಲಿಲೀಟರ್. ವರ್ಷಕ್ಕೆ 300 ದಿನ ದುಡಿದರೆ 43 ಲೀಟರ್! ಅನೇಕ ಟ್ರಾಕ್ಟರುಗಳಲ್ಲಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್‌ಗೂ ಒಂದೇ ಎಣ್ಣೆ ಇರುವುದರಿಂದ, ಜಾಕಿನ ಸೋರಿಕೆ ಕೊನೆಗೆ ಗೇರ್‌ಗಳನ್ನೇ ಸವೆಸುತ್ತದೆ.

ಮೊದಲು ಸುರಕ್ಷತೆ

ಈ ಎಣ್ಣೆಯ ಒತ್ತಡ ಸಾಮಾನ್ಯವಾಗಿ 150ರಿಂದ 200 ಬಾರ್. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಭೇದಿಸಿ ಒಳಹೊಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಶಸ್ತ್ರಚಿಕಿತ್ಸೆ ದೊರೆಯದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಸಂಭವವಿದೆ. ಆದುದರಿಂದ ಸೋರಿಕೆಯನ್ನು ಕೈಯಿಂದ ಸವರಿ ಹುಡುಕಬಾರದು. ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಎತ್ತಿದ ತೊಟ್ಟಿಯ ಕೆಳಗೆ ಭದ್ರವಾದ ಉಕ್ಕಿನ ಆಧಾರ ಕೊಡದೆ ಯಾರೂ ತಲೆ ಹಾಕಕೂಡದು. ಜಾಕನ್ನೇ ಆಧಾರವೆಂದು ನಂಬುವುದು ಪ್ರಾಣಾಪಾಯಕ್ಕೆ ದಾರಿ.

ಪತ್ತೆ ಹಚ್ಚುವ ಕ್ರಮ

ಎಣ್ಣೆ ಕಾಣುವ ಜಾಗವೇ ಸೋರುವ ಜಾಗವಲ್ಲ. ಮೇಲಿನಿಂದ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಮೊದಲು ಧೂಳು, ಜಿಡ್ಡನ್ನು ತೊಳೆದು ಒಣಗಿಸಬೇಕು. ನಂತರ ಜೋಡಣೆಗಳ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಖಾಲಿ ತೊಟ್ಟಿಯನ್ನು ನಾಲ್ಕಾರು ಸಲ ಎತ್ತಿ ಇಳಿಸಿದರೆ, ಮೊದಲು ಒದ್ದೆಯಾಗುವ ಸ್ಥಳವೇ ಮೂಲ. ಹೋಸ್ ಪೈಪಿನ ತುದಿ, ಕಪ್ಲಿಂಗ್, ವಾಷರ್, ಜಾಕಿನ ಕತ್ತಿನ ಸೀಲ್ ಇವನ್ನು ಅನುಕ್ರಮವಾಗಿ ಪರೀಕ್ಷಿಸಬೇಕು.

ಹೊರಗೆ ಎಣ್ಣೆ ಕಾಣದೆಯೂ ಎತ್ತಿದ ತೊಟ್ಟಿ ತಾನಾಗಿ ಇಳಿಯುತ್ತಿದ್ದರೆ ಅದು ಒಳಸೋರಿಕೆ. ಜಾಕಿನ ಬಳಿ ಬಂದ್ ಮಾಡುವ ವಾಲ್ವ್ ಇದ್ದಲ್ಲಿ ಅದನ್ನು ಮುಚ್ಚಿ ದೂರದಿಂದ ಗಮನಿಸಬೇಕು. ಇಳಿಯುವುದು ನಿಂತರೆ ದೋಷ ಟ್ರಾಕ್ಟರಿನ ಕಂಟ್ರೋಲ್ ವಾಲ್ವಿನದು. ನಿಲ್ಲದಿದ್ದರೆ ಜಾಕಿನದು ಅಥವಾ ಆ ಬಂದ್ ವಾಲ್ವಿನದೇ. ಈ ಪರೀಕ್ಷೆ ಮಾಡದೆ ಜಾಕನ್ನು ಬಿಚ್ಚಿದರೆ ಖರ್ಚು ವ್ಯರ್ಥ.

ಗುಂಡಿ ಒತ್ತಿದರೆ ಮಡಚಿಕೊಳ್ಳುವ ಛಾವಣಿಯ ವಿಲಾಸಿ ಕಾರುಗಳ ಪೈಕಿ ಹಲವದರಲ್ಲೂ ಪಂಪು, ಕೊಳವೆ, ಸಿಲಿಂಡರ್, ಸೀಲ್‌ಗಳದೇ ಕೆಲಸ. ಅಲ್ಲಿಯೂ ಹುಡುಕುವ ವಿಧಾನ ಇದೇ.

ದುರಸ್ತಿ

ತೊಟ್ಟಿಯನ್ನು ಇಳಿಸಿ, ಎಂಜಿನ್ ನಿಲ್ಲಿಸಿ, ಲಿವರ್ ಆಡಿಸಿ ಒತ್ತಡ ಕಳೆದ ಮೇಲೆಯೇ ನಟ್ಟು ಸಡಿಲಿಸಬೇಕು. ಅತಿಯಾಗಿ ಬಿಗಿ ಮಾಡಿದರೆ ಥ್ರೆಡ್ ಹಾಳಾಗುತ್ತದೆ. ಬಿರಿದ ಹೋಸಿಗೆ ಟೇಪು ಸುತ್ತುವುದು ದುರಸ್ತಿಯಲ್ಲ. ಅದೇ ಒತ್ತಡ ತಾಳುವ ಹೊಸ ಹೋಸ್ ಹಾಕಿಸಬೇಕು. ಟೆಫ್ಲಾನ್ ಟೇಪಿನ ಚೂರುಗಳು ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತವೆ. ಗೊಬ್ಬರದ ತೇವದಿಂದ ಜಾಕಿನ ರಾಡಿನಲ್ಲಿ ತುಕ್ಕಿನ ಗುಳಿ ಬಿದ್ದಿದ್ದರೆ ಹೊಸ ಸೀಲ್ ಕೂಡ ಬೇಗನೆ ಹರಿಯುತ್ತದೆ. ರಾಡಿಗೆ ಮರಳಿ ಕ್ರೋಮ್ ಲೇಪ ಕೊಡಿಸುವುದು ಅಥವಾ ಅದನ್ನು ಬದಲಿಸುವುದೇ ಮೇಲು. ತಯಾರಕರು ಸೂಚಿಸಿದ ದರ್ಜೆಯ ಎಣ್ಣೆಯನ್ನೇ ಬಳಸಬೇಕು.

ಲೆಕ್ಕಪತ್ರ

ಪ್ರತಿ ವಾಹನಕ್ಕೂ ಒಂದು ಪುಸ್ತಕವಿಟ್ಟು, ಸುರಿದ ಎಣ್ಣೆಯ ಪ್ರಮಾಣವನ್ನು ದಿನಾಂಕಸಹಿತ ಬರೆದರೆ ಸೋರಿಕೆ ಕಣ್ಣಿಗೆ ಬೀಳುವ ಮೊದಲೇ ಲೆಕ್ಕದಲ್ಲಿ ಕಾಣುತ್ತದೆ. ಸೀಲ್, ಹೋಸ್ ಮುಂತಾದವನ್ನು ಬದಲಿಸಿದ ವೆಚ್ಚ ಸಾಮಾನ್ಯವಾಗಿ ವ್ಯಾಪಾರದ ಚಾಲ್ತಿ ದುರಸ್ತಿ ವೆಚ್ಚ. ಇಡೀ ಯಂತ್ರವನ್ನೇ ಬದಲಿಸಿದರೆ ಅದು ಚಾಲ್ತಿ ದುರಸ್ತಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಜಿಎಸ್‌ಟಿ ನೋಂದಣಿ ಇದ್ದು, ತೆರಿಗೆಗೊಳಪಟ್ಟ ವ್ಯವಹಾರ ಮಾಡುವವರು ಬಿಲ್ಲು ಪಡೆದರಷ್ಟೇ ಹೂಡುವಳಿ ತೆರಿಗೆ ಜಮೆಗೆ ಅವಕಾಶ; ಕಾಂಪೋಸಿಷನ್ ಯೋಜನೆಯವರಿಗೆ ಈ ಸೌಲಭ್ಯವಿಲ್ಲ.

ಸೀಲ್ ಬದಲಿಸುವ ವೆಚ್ಚ ಅಲ್ಪ. ಅದನ್ನು ಮುಂದೂಡಿದರೆ ತೆರಬೇಕಾದ ಬೆಲೆ ಎಣ್ಣೆಯದಷ್ಟೇ ಅಲ್ಲ, ತೊಟ್ಟಿಯ ಬಳಿ ನಿಂತು ದುಡಿಯುವವನ ಜೀವದ್ದೂ ಆಗಬಹುದು ಎಂಬುದನ್ನು ಮಾಲೀಕರು ಮರೆಯಬಾರದು.